ಪಾಠಕ್ಕೆ ನಾಲ್ಕು ಸ್ಟಾರ್, ನೋಟ್ಸ್‌ಗೆ ಒಂದೂ ಇಲ್ಲ

ಧಾರವಾಡದ ಸಪ್ತಾಪುರದಲ್ಲಿ ಒಂದು ಕೆಮಿಸ್ಟ್ರಿ ಟ್ಯೂಷನ್‌ನ ಹತ್ತು ದಿನದ ಕೋರ್ಸಿಗೆ ಮಗಳನ್ನು ಹಾಕಿದ್ದೆ. ಹೆಸರು ಬೇಡ ಬಿಡಿ. ಹುಬ್ಬಳ್ಳಿಯಿಂದ ದಿನಾ ಚಿಗರಿ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಪಿಯು ಮೊದಲ ವರ್ಷದ ಮೊದಲ ಪಾಠದಲ್ಲೇ ಲಿಮಿಟಿಂಗ್ ರಿಏಜೆಂಟ್ (ರಾಸಾಯನಿಕ ಕ್ರಿಯೆಯಲ್ಲಿ ಮೊದಲು ಖಾಲಿಯಾಗಿ, ಎಷ್ಟು ತಯಾರಾಗುತ್ತೆ ಅಂತ ನಿರ್ಧರಿಸೋ ವಸ್ತು) ಬರುತ್ತೆ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಗ್ರಾಂ ಯಾವುದು ಕಡಿಮೆಯೋ ಅದೇ ಲಿಮಿಟಿಂಗ್ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳೋದೇ ಆಗಿತ್ತು.

ಸರ್ ಪಾಠ ಮಾತ್ರ ಚೊಲೋ ಇದೆ. ಡೆಮೋ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಂದು ಪ್ಲೇಟ್ ಗಿರ್ಮಿಟ್‌ಗೆ ಎರಡು ಮಿರ್ಚಿ; ಗಿರ್ಮಿಟ್ 10 ಪ್ಲೇಟಿಗಾಗುವಷ್ಟಿದೆ, ಮಿರ್ಚಿ 14 ಇವೆ, ಎಷ್ಟು ಪ್ಲೇಟ್ ಕೊಡ್ತೀರಿ? ಏಳೇ. "ಎಣಿಸಿದ್ರ ಮಿರ್ಚಿನ ಜಾಸ್ತಿ, ಆದ್ರ ಮೊದಲ ಖಾಲಿ ಆಗೋದೂ ಅದ" ಅಂದರು. ಕಾಮರ್ಸ್ ಓದಿದ ನನಗೂ ತಿಳೀತು.

ಆಮೇಲೆ ಅಮೋನಿಯ ಲೆಕ್ಕ. ನೈಟ್ರೋಜನ್ 28 ಗ್ರಾಂ, ಹೈಡ್ರೋಜನ್ 8 ಗ್ರಾಂ. ಮೊದಲು ಗ್ರಾಂ ಬಿಟ್ಟು ಮೋಲ್ (ತೂಕದ ಬದಲು ಕಣಗಳ ಎಣಿಕೆಯ ಅಳತೆ) ಮಾಡಿ: ನೈಟ್ರೋಜನ್ 1, ಹೈಡ್ರೋಜನ್ 4. ಸಮೀಕರಣದಲ್ಲಿ 1 ಮೋಲ್ ನೈಟ್ರೋಜನ್‌ಗೆ 3 ಮೋಲ್ ಹೈಡ್ರೋಜನ್ ಸಾಕು, ಅಂದ್ರೆ ತೂಕದಲ್ಲಿ ಜಾಸ್ತಿ ಇರೋ ನೈಟ್ರೋಜನ್ನೇ ಮೊದಲು ಮುಗಿಯುತ್ತೆ. ಅಮೋನಿಯ 34 ಗ್ರಾಂ, ಉಳಿಯೋ ಹೈಡ್ರೋಜನ್ 2 ಗ್ರಾಂ.

ಇನ್ನು ನೋಟ್ಸ್. ಫೀ ಬೇರೆ, ಇದಕ್ಕೆ ಬೇರೆ ದುಡ್ಡು. ಅದೇ ಲೆಕ್ಕಕ್ಕೆ ಅದರಲ್ಲಿ ಉತ್ತರ 45.3 ಗ್ರಾಂ ಅಂತ ಅಚ್ಚಾಗಿದೆ! ರಾತ್ರಿ ಊಟಕ್ಕೆ ಕೂತಾಗ ಮಗಳು ಪುಸ್ತಕ ತಂದು ತೋರಿಸಿದಳು. "ಅಪ್ಪಾ, ಹಾಕಿದ್ದ ಎರಡೂ ಸೇರಿ 36 ಗ್ರಾಂ, 45 ಎಲ್ಲಿಂದ ಬರತೈತಿ?" ಹೈಡ್ರೋಜನ್ ಪೂರಾ ಖರ್ಚಾಯ್ತು ಅಂತ ಹಿಡಿದು ಯಾರೋ ಲೆಕ್ಕ ಮಾಡಿದ್ದಾರೆ, ಅಂದ್ರೆ ಯಾವ ತಪ್ಪು ಮಾಡಬೇಡಿ ಅಂತ ಕಲಿಸ್ತಾರೋ ಅದೇ ತಪ್ಪು. ಹಾಕಿದ್ದಕ್ಕಿಂತ ಬಂದದ್ದು ಜಾಸ್ತಿ ಆಗೋಕೆ ಇದೇನು ಬಡ್ಡಿ ವ್ಯವಹಾರವಾ?

ಆಫೀಸಿನಲ್ಲಿ ಕೇಳಿದ್ರೆ "ಪ್ರಿಂಟ್ ಮಿಸ್ಟೇಕ್ ರೀ" ಅಂದರು. ದುಡ್ಡು ವಾಪಸ್ ಇಲ್ಲ, ತಿದ್ದಿದ ಹಾಳೆಯೂ ಇಲ್ಲ.

ಸೇರೋದಾದ್ರೆ ಹದಿನೈದು ನಿಮಿಷ ಮೊದಲೇ ಹೋಗಿ, ಹಿಂದೆ ಕೂತರೆ ಬೋರ್ಡ್ ಕಾಣಲ್ಲ. ನೋಟ್ಸ್ ತಗೋಬೇಡಿ. ಕಡೆಯ ದಿನ ನೋಡಿದೆ, ಮುಂದಿನ ಬ್ಯಾಚಿಗೆ ಅವೇ ಪುಸ್ತಕಗಳ ಕಟ್ಟು ಕೌಂಟರ್ ಮೇಲಿತ್ತು.