ಮನೆಮಂದಿಯ ಮಾತಿಗೆ ವಾಟ್ಸಾಪ್: ‘ಸೇರಿದೆ’ ಅನ್ನೋಕೆ ಸೈ, ‘ಯಾಕೆ’ ಅನ್ನೋಕೆ ಅಲ್ಲ

ಪಿಯುಸಿ ಓದುವ ಮಗ ತುಮಕೂರಿನಲ್ಲಿ, ಅಪ್ಪ-ಅಮ್ಮ ಪಾವಗಡದಲ್ಲಿ. ನಡುವೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಶಿರಾ, ಮಧುಗಿರಿ, ತಿಪಟೂರಿನ ಎಷ್ಟೋ ಮನೆಗಳದ್ದೂ ಇದೇ ಲೆಕ್ಕ. ಈ ದೂರಕ್ಕೆ ವಾಟ್ಸಾಪ್ ಎಷ್ಟು ಒದಗುತ್ತದೆ? ಐದರಲ್ಲಿ ಮೂರೂವರೆ ಸ್ಟಾರ್ ಕೊಡಬಹುದು. ಕಳೆದ ಒಂದೂವರೆಯಲ್ಲಿ ಮುಕ್ಕಾಲು ಪಾಲು ನೀಲಿ ಟಿಕ್ಕಿನದೇ. (ಫೋನೇ ಬಿಡದ ಹಾಸ್ಟೆಲ್ ಆದರೆ ಮುಂದೆ ಓದಬೇಕಿಲ್ಲ, ವಾರ್ಡನ್ ನಂಬರ್ ಬರೆದಿಟ್ಟುಕೊಳ್ಳಿ.)

ನೀಲಿ ಟಿಕ್ ಬಂದದ್ದು 2014ರ ನವೆಂಬರ್‌ನಲ್ಲಿ. ಒಂದು ಬೂದು ಟಿಕ್ ಇದ್ದರೆ ಮೆಸೇಜ್ ನಿಮ್ಮ ಕಡೆಯಿಂದ ಹೊರಟಿದೆ, ಅವನ ಫೋನಿಗೆ ಮುಟ್ಟಿಲ್ಲ. ಸ್ವಿಚ್ ಆಫ್ ಆಗಿರಬಹುದು, ನೆಟ್ ಇಲ್ಲದಿರಬಹುದು, ಬ್ಲಾಕ್ ಮಾಡಿರಲೂಬಹುದು. ಎರಡು ಬೂದು ಅಂದರೆ ಮುಟ್ಟಿದೆ. ನೀಲಿಯಾದರೆ ಚಾಟ್ ತೆರೆದಿದ್ದಾನೆ, ಅಷ್ಟೇ. ತೆರೆದಾಗ ಕ್ಲಾಸಿನಲ್ಲಿದ್ದನೋ, ಬಸ್ಸಿನ ಕಂಬಿ ಹಿಡಿದು ನಿಂತಿದ್ದನೋ ಆ ಬಣ್ಣ ಹೇಳುವುದಿಲ್ಲ. ನೋಟಿಫಿಕೇಶನ್‌ನಲ್ಲೇ ಪೂರ್ತಿ ಓದಿಬಿಟ್ಟರೆ ನೀಲಿಯಾಗುವುದೂ ಇಲ್ಲ. ಹಾಗಾಗಿ ‘ನೋಡಿಯೂ ಉತ್ತರ ಕೊಡಲಿಲ್ಲ’ ಎಂಬ ಸಿಟ್ಟಿಗೂ ‘ಇನ್ನೂ ನೋಡಿಲ್ಲ ಪಾಪ’ ಎಂಬ ಸಮಾಧಾನಕ್ಕೂ ಇದನ್ನು ಸಾಕ್ಷಿ ಮಾಡಿಕೊಳ್ಳಬೇಡಿ.

ಗ್ರೂಪಿನಲ್ಲಿ ಲೆಕ್ಕ ಬೇರೆ. ಎಲ್ಲರೂ ಓದಿದ ಮೇಲಷ್ಟೇ ನೀಲಿ. ಅಜ್ಜಿ ಫೋನ್ ಮುಟ್ಟದಿದ್ದರೆ ಇಡೀ ಮನೆಯ ಟಿಕ್ ಬೂದಾಗಿಯೇ ಉಳಿಯುತ್ತದೆ, ಬೈಗುಳ ಮಾತ್ರ ಮೊಮ್ಮಗನಿಗೆ. ನೀವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ನೋಡಿದರೆ ಯಾರು ಯಾವಾಗ ಓದಿದರೆಂದು ಬರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿಗೆ ಹೋಗಿ ರೀಡ್ ರಿಸೀಟ್ಸ್ ಆಫ್ ಮಾಡಿದರೆ ನಿಮ್ಮ ಓದು ಅವರಿಗೆ ಕಾಣದು, ಅವರದು ನಿಮಗೂ ಕಾಣದು. ಗ್ರೂಪಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಮೊದಲು ಅಪ್ಪ-ಅಮ್ಮನ ಫೋನಿನಲ್ಲೇ ಇದನ್ನು ಆಫ್ ಮಾಡುವುದು ಒಳ್ಳೆಯದು. ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಮೆಚ್ಚಬೇಕಾದದ್ದು ಲೈವ್ ಲೊಕೇಶನ್. 15 ನಿಮಿಷ, 1 ಗಂಟೆ, 8 ಗಂಟೆ, ಹೀಗೆ ಮೂರೇ ಆಯ್ಕೆ. ಶನಿವಾರ ಸಂಜೆ ಊರಿನ ಬಸ್ ಹತ್ತಿದಾಗ 1 ಗಂಟೆ ಒತ್ತಿದರೆ ಪಾವಗಡ ಮುಟ್ಟುವ ಮೊದಲೇ ಅದು ಮುಗಿದಿರುತ್ತದೆ. 8 ಗಂಟೆ ಕೊಟ್ಟು, ಇಳಿದ ಮೇಲೆ ಮಗನೇ ‘ಸ್ಟಾಪ್’ ಒತ್ತಲಿ. ಬ್ಯಾಟರಿ ಸೇವರ್ ಆನ್ ಇದ್ದರೆ ಅಥವಾ ದಾರಿಯಲ್ಲಿ ನೆಟ್ ಹೋದರೆ ಚುಕ್ಕಿ ಇದ್ದಲ್ಲೇ ನಿಲ್ಲುತ್ತದೆ. ಬಸ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಚುಕ್ಕಿಯ ಪಕ್ಕದ ‘ಅಪ್‌ಡೇಟ್’ ಸಮಯ ನೋಡಿ.

ಇನ್ನು ಮಾತಿನ ಧಾಟಿ. ಎದುರಿಗೆ ಕೂತು ‘ಹೂಂ’ ಅಂದರೆ ಅದು ಒಪ್ಪಿಗೆಯೋ, ಮುಂದೆ ಹೇಳು ಅಂತಲೋ, ಸಿಡುಕೋ ದನಿಯಲ್ಲೇ ತಿಳಿಯುತ್ತದೆ. ಟೈಪ್ ಮಾಡಿದ ‘ಹೂಂ’ ಮೂರಕ್ಕೂ ಒಂದೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರಂತೂ ದೀರ್ಘವೂ ಹೋಗುತ್ತದೆ. ‘ಭಾನುವಾರ ಬರ್ತೀಯಾ’ ಎಂದು ಅಮ್ಮ ಕೇಳಿದ್ದು ‘ಬರ್ತೀಯ’ ಎಂಬ ತಾಕೀತಾಗಿ ಮಗಳಿಗೆ ಮುಟ್ಟುತ್ತದೆ. ಇದಕ್ಕೆ ಮದ್ದು ವಾಯ್ಸ್ ಮೆಸೇಜ್. ಮೈಕ್ ಒತ್ತಿ ಹಿಡಿದು ಮೇಲಕ್ಕೆ ಸರಿಸಿದರೆ ಲಾಕ್ ಆಗುತ್ತದೆ, ಬೆರಳು ತೆಗೆದು ಮಾತಾಡಬಹುದು. ಅರ್ಧ ನಿಮಿಷ ದಾಟಿಸಬೇಡಿ. ಉದ್ದದ ಬುದ್ಧಿಮಾತನ್ನು ಮಕ್ಕಳು ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ, ಆ ಸೌಕರ್ಯವೂ ಆಪ್‌ನಲ್ಲೇ ಇದೆ! ಮಾರ್ಕ್ಸ್, ಫೀಸು, ಗೆಳೆತನದ ವಿಚಾರಕ್ಕೆ ವಾಯ್ಸೂ ಸಾಲದು. ಕಾಲ್ ಮಾಡಿ, ಇಲ್ಲವೇ ಊರಿಗೆ ಬಂದಾಗ ಕೇಳಿ. ಚಿಕ್ಕಪ್ಪ-ಸೋದರತ್ತೆಯರಿರುವ ದೊಡ್ಡ ಗ್ರೂಪಿನಲ್ಲಂತೂ ‘ಎಷ್ಟು ಬಂತು ಮಾರ್ಕ್ಸು?’ ಎಂದು ಕೇಳಲೇಬೇಡಿ. ಅಪ್ಪ, ಅಮ್ಮ, ಮಕ್ಕಳಿಗಷ್ಟೇ ಒಂದು ಚಿಕ್ಕ ಗ್ರೂಪ್ ಬೇರೆ ಇರಲಿ.

ಕದ್ದು ಓದುವವರಿಗೂ ಒಂದು ಮಾತು. ಮಗಳ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಅವಳ ಚಾಟನ್ನು ಮನೆಯ ಕಂಪ್ಯೂಟರಿಗೆ ಜೋಡಿಸುವ ಉಪಾಯ ಬಹಳ ಜನಕ್ಕೆ ಗೊತ್ತು. ‘ಲಿಂಕ್ಡ್ ಡಿವೈಸಸ್’ ತೆರೆದರೆ ಅದು ಅವಳಿಗೂ ಕಾಣುತ್ತದೆ. ಒಮ್ಮೆ ಕಂಡರೆ ಚಾಟ್ ಲಾಕ್ ಬೀಳುತ್ತದೆ, 24 ಗಂಟೆಗೆ ತಾನೇ ಅಳಿಯುವ ಮೆಸೇಜ್ ಶುರುವಾಗುತ್ತದೆ. ಆಮೇಲೆ ನಿಮಗೆ ಕಾಣುವುದು ಅವಳು ಕಾಣಿಸಿದಷ್ಟೇ.

ತಪ್ಪು ಟೈಪಾದರೆ ಡಿಲೀಟ್ ಬೇಡ, 15 ನಿಮಿಷದೊಳಗೆ ಎಡಿಟ್ ಮಾಡಿ. ಡಿಲೀಟ್ ಮಾಡಿದರೆ ಗುರುತು ಉಳಿಯುತ್ತದೆ, ‘ಏನು ಅಳಿಸಿದೆ?’ ಎಂಬ ವಿಚಾರಣೆ ಬೇರೆ.

ನೆಟ್ ಪೂರಾ ಕೈಕೊಟ್ಟರೆ ಹಳೆಯ ಎಸ್‌ಎಂಎಸ್ ಇದೆ. ಆದರೆ ಇಂಗ್ಲಿಷ್ ಅಕ್ಷರಕ್ಕೆ 160 ಜಾಗ ಸಿಕ್ಕರೆ ಕನ್ನಡಕ್ಕೆ 70 ಮಾತ್ರ. ಒತ್ತು, ಗುಣಿತದ ಗುರುತುಗಳೂ ಬೇರೆಬೇರೆ ಎಣಿಕೆ. ಕಣ್ಣಿಗೆ ಮೂರಕ್ಷರದ ‘ಪರೀಕ್ಷೆ’ ಅಲ್ಲಿ ಏಳಾಗುತ್ತದೆ. ‘ಊಟ ಆಯ್ತಾ’ ಬರೀ ಎಂಟು.