ಮೂರು ಮಳೆಗಾಲ ಕಂಡ ಐಪಿಎಂಐ ಬೋರ್ಡ್: ನನ್ನ ಅನುಭವ

ಬಳಸಿದ್ದು ಮೂರು ವರ್ಷ. ಸರ್ವರ್ ಇರುವುದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ನಾನಿರುವುದು ಬೆಂಗಳೂರಲ್ಲಿ.

ಅಪ್ಪ ತೆಗೆದ ಹಳೇ ಫೋಟೊ, ತೋಟದ ಲೆಕ್ಕ, ಅಕ್ಕನ ಮಕ್ಕಳ ವಿಡಿಯೊ ಎಲ್ಲ ಇಡೋಕೆ ಅಂತ ಬಿಡಿಭಾಗ ತಂದು ನಾನೇ ಜೋಡಿಸಿದ ಸರ್ವರ್ ಇದು. ಸಾಮಾನ್ಯ ಬೋರ್ಡ್ ಬಿಟ್ಟು ಸರ್ವರ್ ಬೋರ್ಡ್ ಕೊಂಡಿದ್ದೇ ಐಪಿಎಂಐಗೋಸ್ಕರ, ಅಂದರೆ ದೂರದಿಂದಲೇ ಸರ್ವರನ್ನು ನೋಡಿಕೊಳ್ಳುವ ವ್ಯವಸ್ಥೆಗೋಸ್ಕರ. ಅದನ್ನು ನಡೆಸೋಕೆ ಬೋರ್ಡಿನ ಮೇಲೆ ಬಿಎಂಸಿ ಅಂತ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ಅದಕ್ಕೆ ಸ್ವಂತ ನೆಟ್‌ವರ್ಕ್ ಪೋರ್ಟೂ ಇದೆ. ನನ್ನದರಲ್ಲಿರುವುದು ಆಸ್ಪೀಡ್ ಎಎಸ್‌ಟಿ2400 ಚಿಪ್. ಸರ್ವರ್ ಆಫ್ ಆಗಿದ್ದರೂ ಇದು ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ಎದ್ದಿರುತ್ತದೆ. ಇಲ್ಲಿಂದಲೇ ಪವರ್ ಆನ್ ಮಾಡಬಹುದು, ಬಯಾಸ್ ಪರದೆ ನೋಡಬಹುದು, ಬೇಕಾದರೆ ಓಎಸ್ ಕೂಡ ಹೊಸದಾಗಿ ಹಾಕಬಹುದು. ಇಲ್ಲದಿದ್ದರೆ ಪ್ರತಿ ಸಲ ರಾತ್ರಿ ಬಸ್ಸು ಹತ್ತಬೇಕಲ್ವಾ?

ಮೊದಲ ಮಳೆಗಾಲದಲ್ಲೇ ತೊಂದರೆ ಶುರುವಾಯಿತು. ನಮ್ಮ ಕಡೆ ಗಾಳಿಮಳೆ ಜೋರಾದರೆ ಕರೆಂಟ್ ಅರ್ಧ ದಿನ ಇರುವುದಿಲ್ಲ, ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಕರೆಂಟ್ ಬಂದ ಮೇಲೆ ಸರ್ವರ್ ತಾನಾಗಿ ಏಳುತ್ತಿತ್ತು, ಫೋಟೊ ಎಲ್ಲ ಸಿಗುತ್ತಿತ್ತು. ಐಪಿಎಂಐ ಪುಟ ಮಾತ್ರ ತೆರೆಯುತ್ತಿರಲಿಲ್ಲ. ಪಿಂಗ್ ಮಾಡಿದರೂ (ಇದ್ದೀಯಾ ಅಂತ ನೆಟ್‌ವರ್ಕಿನಲ್ಲಿ ಕೇಳಿದರೂ) ಉತ್ತರ ಇಲ್ಲ.

ಬಿಎಂಸಿಯ ವೈರ್ ಸರಿಯಿದೆಯಾ ಅಂತ ತಿಳಿಯೋಕೆ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಕೊನೇ ವೈರ್ ಹತ್ರ ದೀಪ ಉರೀತಿದೆಯಾ ನೋಡು."

"ಹಸಿರು ದೀಪ ಮಿಣಮಿಣ ಅಂತಿದೆ ಕಣೋ. ಕಿತ್ತು ಹಾಕ್ಲಾ?"

ಬೇಡ ಅಂದೆ. ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗುವ ದಾರಿ) ಹೋಗಿ, ಬಿಎಂಸಿ ಜೊತೆ ಮಾತಾಡುವ ಐಪಿಎಂಐಟೂಲ್ ಅನ್ನುವ ಕಮಾಂಡಿನಿಂದ 'ಲ್ಯಾನ್ ಪ್ರಿಂಟ್ 1' ಕೊಟ್ಟೆ. ಐಪಿ ವಿಳಾಸ, ಗೇಟ್‌ವೇ ಎಲ್ಲ ಸರಿಯಾಗಿಯೇ ಇತ್ತು. 'ಎಂಸಿ ರೀಸೆಟ್ ಕೋಲ್ಡ್' ಕೊಟ್ಟೆ. ಇದರಿಂದ ಬಿಎಂಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ, ಸರ್ವರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಎರಡು ನಿಮಿಷದಲ್ಲಿ ಪುಟ ಬಂತು. ಸರಿಹೋಯ್ತು ಅಂದುಕೊಂಡೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಮತ್ತೆ ಅದೇ ಕತೆ.

ಮೂರನೇ ಸಲ ರೀಸೆಟ್ ಮಾಡದೆ, ವೈರ್‌ಗಾರ್ಡ್ ವಿಪಿಎನ್ ಮೂಲಕ ಮನೆಯ ನೆಟ್‌ವರ್ಕ್ ಸ್ವಿಚ್ಚಿನ ಮ್ಯಾಕ್ ಪಟ್ಟಿ (ಯಾವ ಸಾಧನ ಯಾವ ಪೋರ್ಟಿನಲ್ಲಿದೆ ಅನ್ನುವ ಪಟ್ಟಿ) ತೆಗೆದು ನೋಡಿದೆ. ಬಿಎಂಸಿಯ ಮ್ಯಾಕ್ ವಿಳಾಸ 7ನೇ ಪೋರ್ಟಿನಲ್ಲಿರಬೇಕಿತ್ತು. ಇದ್ದದ್ದು 3ರಲ್ಲಿ! ಅದು ಸರ್ವರಿನ ಮಾಮೂಲಿ ಲ್ಯಾನ್ 1 ವೈರ್ ಇರುವ ಪೋರ್ಟ್. ಆಗ ಅರ್ಥವಾಯಿತು. ನನ್ನ ಬೋರ್ಡಿನಲ್ಲಿ ಲ್ಯಾನ್ ಮೋಡ್ ಕಾರ್ಖಾನೆಯಿಂದಲೇ 'ಫೇಲ್‌ಓವರ್' ಆಗಿ ಬಂದಿತ್ತು. ಬಿಎಂಸಿ ಏಳುವಾಗ ಒಂದೇ ಸಲ ತನ್ನ ಸ್ವಂತ ಪೋರ್ಟನ್ನು ನೋಡುತ್ತದೆ. ಅಲ್ಲಿ ಲಿಂಕ್ ಇಲ್ಲದಿದ್ದರೆ ಲ್ಯಾನ್ 1ಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತದೆ. ಕರೆಂಟ್ ಬಂದಾಗ ಸ್ವಿಚ್ಚೂ ಬಿಎಂಸಿಯೂ ಒಟ್ಟಿಗೇ ಏಳುತ್ತವೆ, ಸ್ವಿಚ್ ಸ್ವಲ್ಪ ನಿಧಾನ. ಲ್ಯಾನ್ 1 ಬೇರೆ ವಿಲ್ಯಾನ್‌ನಲ್ಲಿದೆ (ಸ್ವಿಚ್ಚಿನೊಳಗೇ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್), ಹಾಗಾಗಿ ಆ ಐಪಿ ಅಲ್ಲಿ ಯಾರಿಗೂ ಸಿಗದು. ನಾನು ರೀಸೆಟ್ ಮಾಡುವ ಹೊತ್ತಿಗೆ ಸ್ವಿಚ್ ಎದ್ದಿರುತ್ತಿತ್ತು, ಅದಕ್ಕೇ ಪ್ರತಿ ಸಲ ಸರಿಹೋದ ಹಾಗೆ ಕಾಣುತ್ತಿತ್ತು. ಮೋಡನ್ನು 'ಡೆಡಿಕೇಟೆಡ್' (ಸ್ವಂತ ಪೋರ್ಟ್ ಮಾತ್ರ) ಮಾಡಿದೆ. ಆಮೇಲೆ ಎರಡು ಮಳೆಗಾಲ ಕಳೆದಿವೆ, ಒಮ್ಮೆಯೂ ಕೈಕೊಟ್ಟಿಲ್ಲ.

ಇನ್ನೊಂದು ಪೆಟ್ಟು ಪಾಸ್‌ವರ್ಡಿನದು. ನಾನು 32 ಅಕ್ಷರದ್ದು ಹಾಕಿದ್ದೆ. ಐಪಿಎಂಐ 2.0ರಲ್ಲಿ 20ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಸೆಟ್ಟಿಂಗ್ ಪುಟ ಸುಮ್ನೆ ಒಪ್ಪಿಕೊಂಡಿತು, ಲಾಗಿನ್ ಮಾತ್ರ ಆಗಲಿಲ್ಲ. ಸರ್ವರ್ ಒಳಗಿಂದ ಐಪಿಎಂಐಟೂಲ್ ಬಳಸಿದರೆ ಹಳೇ ಪಾಸ್‌ವರ್ಡ್ ಕೇಳುವುದಿಲ್ಲ, ಹೊಸದನ್ನು ನೇರ ಹಾಕಬಹುದು. ಹಾಗೆ ಬಚಾವಾದೆ. ಸರ್ವರ್‌ನಲ್ಲಿ ರೂಟ್ (ಪೂರ್ತಿ ಅಧಿಕಾರ) ಸಿಕ್ಕವರು ಬಿಎಂಸಿಯನ್ನೂ ಹಿಡಿಯಬಹುದು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ, ಹುಷಾರಾಗಿರಿ.

ದಯವಿಟ್ಟು ಐಪಿಎಂಐ ಬಳಸುವ ಯುಡಿಪಿ 623 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆಯಬೇಡಿ. ಐಪಿಎಂಐ 2.0 ಲಾಗಿನ್ ಆಗುವ ಮೊದಲೇ, ಕೇಳಿದವರಿಗೆ ಪಾಸ್‌ವರ್ಡಿನ ಹ್ಯಾಶ್ (ಇದನ್ನಿಟ್ಟುಕೊಂಡು ಪಾಸ್‌ವರ್ಡ್ ಊಹಿಸಿ ನೋಡಬಹುದಾದ ಗುರುತು) ಕೊಟ್ಟುಬಿಡುತ್ತದೆ. ಅದು ಪ್ರೊಟೊಕಾಲ್ ಇರುವ ರೀತಿಯೇ ಹಾಗೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೂ ಹೋಗುವುದಿಲ್ಲ. ವೈರ್‌ಗಾರ್ಡ್ ಹಿಂದೆ ಇಟ್ಟರೆ ನೆಮ್ಮದಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದಿದ್ದು ಆ ಫೇಲ್‌ಓವರ್ ವಿಷಯ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಇದ್ದದ್ದಕ್ಕೆ. ಸೆಕೆಂಡ್‌ಹ್ಯಾಂಡ್ ಬೋರ್ಡ್ ಕೊಳ್ಳುವವರು ಎಚ್‌ಟಿಎಂಎಲ್5 ಕನ್ಸೋಲ್ (ಸರ್ವರಿನ ಪರದೆಯನ್ನು ಬ್ರೌಸರಿನಲ್ಲೇ ತೋರಿಸುವುದು) ಇದೆಯಾ ಅಂತ ಮೊದಲು ಕೇಳಿಕೊಳ್ಳಿ. ಬರೀ ಜಾವಾ ಕನ್ಸೋಲ್ ಇರುವುದಾದರೆ ಈಗಿನ ಬ್ರೌಸರಿನಲ್ಲಿ ತೆರೆಯೋದೇ ಕಷ್ಟ.