ಬಾಟಲಿಯ ಬುಲ್ಗೋಗಿ ಸಾಸ್: ಅರ್ಧ ಕೆಲಸ ಅದರದು, ಅರ್ಧ ನಮ್ಮದು

ಬುಲ್ಗೋಗಿ ಎಂದರೆ ತೆಳುವಾಗಿ ಕೊಯ್ದ ಮಾಂಸವನ್ನು ಸಾಸಿನಲ್ಲಿ ನೆನೆಸಿ ಹುರಿಯುವ ಕೊರಿಯನ್ ಅಡುಗೆ. ಅದರ ಸಾಸನ್ನು ಬೆರಳ ತುದಿಯಲ್ಲಿ ನೆಕ್ಕಿ ನೋಡಿದರೆ ಮೊದಲು ಸಿಹಿ, ಬೆನ್ನಿಗೇ ಉಪ್ಪು. ಸೋಯಾ ಸಾಸ್, ಸಕ್ಕರೆ, ಪಿಯರ್ ಅಥವಾ ಸೇಬಿನ ರಸ, ಬೆಳ್ಳುಳ್ಳಿ, ಕರಿಮೆಣಸು, ಎಳ್ಳೆಣ್ಣೆ: ಬ್ರ್ಯಾಂಡ್ ಯಾವುದಾದರೂ ಒಳಗಿರುವುದು ಹೆಚ್ಚುಕಡಿಮೆ ಇಷ್ಟೇ. ಸಿಹಿ-ಉಪ್ಪಿನ ಹದ ಕೂಡಿಸುವ ತಲೆನೋವನ್ನು ಬಾಟಲಿ ತಪ್ಪಿಸುತ್ತದೆ, ಅಷ್ಟಕ್ಕೇ ಕೊಂಡರೂ ನಷ್ಟವಿಲ್ಲ. ಅದು ಸೋಲುವುದು ಘಮದಲ್ಲಿ, ಮತ್ತು ಮಾಂಸವನ್ನು ಮೆತ್ತಗಾಗಿಸುವುದರಲ್ಲಿ.

ಹಸಿ ಪಿಯರ್‌ನಲ್ಲಿ ಮಾಂಸದ ಪ್ರೋಟೀನನ್ನು ಒಡೆಯುವ ಕಿಣ್ವ ಇರುತ್ತದೆ. ಸಾಸ್ ಕೆಡಬಾರದೆಂದು ತಯಾರಿಕೆಯಲ್ಲಿ ಬಿಸಿ ಮಾಡುವಾಗ ಆ ಕಿಣ್ವ ನಿಷ್ಕ್ರಿಯವಾಗಿ ಹಣ್ಣಿನ ರುಚಿ ಮಾತ್ರ ಉಳಿಯುತ್ತದೆ. ಆದ್ದರಿಂದ ಅರ್ಧ ಕಿಲೋ ಮಾಂಸಕ್ಕೆ 100 ಮಿಲೀ ಸಾಸ್, ಕಾಲು ಭಾಗ ಪಿಯರ್, ಅರ್ಧ ಈರುಳ್ಳಿ, ಎರಡು ಎಸಳು ಬೆಳ್ಳುಳ್ಳಿ ತುರಿದು ಸೇರಿಸಿ. ಪಿಯರ್ ಬದಲು ಕಿವಿ ಹಣ್ಣಾದರೆ ಒಂದೇ ಟೀ ಚಮಚ, ಅರ್ಧ ಗಂಟೆ ಸಾಕು. ಅದರ ಕಿಣ್ವ ಜೋರು, ಹೆಚ್ಚು ಹೊತ್ತು ಬಿಟ್ಟರೆ ಮಾಂಸ ಹಿಟ್ಟು ಹಿಟ್ಟಾಗುತ್ತದೆ.

ಮಾಂಸವನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟರೆ ಗಟ್ಟಿಯಾಗಿ ಚಾಕುವಿಗೆ ಸರಿಯಾಗಿ ಸಿಗುತ್ತದೆ. ನಾರಿಗೆ ಅಡ್ಡವಾಗಿ 2-3 ಮಿಮೀ ದಪ್ಪಕ್ಕೆ ಕೊಯ್ಯಿರಿ. ಇಷ್ಟು ತೆಳುವಾದದ್ದಕ್ಕೆ 30 ನಿಮಿಷದಿಂದ 2 ಗಂಟೆ ನೆನೆದರೆ ಸಾಕು. ರಾತ್ರಿಯಿಡೀ ಬಿಟ್ಟರೆ ಬರೀ ಉಪ್ಪುಪ್ಪು.

ಹೆಚ್ಚಿನವರ ಅಡುಗೆ ಕೆಡುವುದು ಬಾಣಲೆಯಲ್ಲಿ. ಪಾತ್ರೆಯಲ್ಲಿರುವುದನ್ನೆಲ್ಲ ಒಮ್ಮೆಗೇ ಸುರಿದರೆ ರಸ ಒಡೆದು, ಮಾಂಸ ಹುರಿಯುವ ಬದಲು ಬೂದುಬಣ್ಣಕ್ಕೆ ತಿರುಗಿ ಬೇಯುತ್ತದೆ. ಕೊರಿಯನ್ ಭಾಷೆಯಲ್ಲಿ ಬುಲ್ ಎಂದರೆ ಬೆಂಕಿ, ಗೋಗಿ ಎಂದರೆ ಮಾಂಸ. ಬೆಂಕಿಯ ಆ ಗುರುತು ಬರಬೇಕಾದರೆ ಮೊದಲು ಜಾಲರಿಯಲ್ಲಿ ರಸ ಸೋಸಿ. ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಒಂದು ಸಲಕ್ಕೆ 150 ಗ್ರಾಂ ಮೀರದಂತೆ ಒಂದೇ ಪದರದಲ್ಲಿ ಹರಡಿ. ಒಂದು ನಿಮಿಷ ಸೌಟು ಆಡಿಸಬೇಡಿ. ಮಗುಚಿ ಅರ್ಧ ನಿಮಿಷಕ್ಕೆ ತೆಗೆಯಿರಿ. ತಳದಲ್ಲಿ ಹತ್ತಿದ ಸಕ್ಕರೆ ಮುಂದಿನ ಸರದಿಗೆ ಕಹಿ ಕೊಡುತ್ತದೆ, ನಡುನಡುವೆ ಎರಡು ಚಮಚ ನೀರು ಹಾಕಿ ಕೆರೆದು ಒರೆಸಿ. ಇಳಿಸಿದ ಮೇಲೆ ಒಂದು ಟೀ ಚಮಚ ಹುರಿದ ಎಳ್ಳಿನ ಎಣ್ಣೆ ಬೆರೆಸಿದರೆ ಬಾಟಲಿಯಲ್ಲಿ ಕಾಣೆಯಾಗಿದ್ದ ಘಮ ಮರಳುತ್ತದೆ. ಹಸಿ ಎಳ್ಳಿನ ಎಣ್ಣೆಯಿಂದ ಅದು ಬರುವುದಿಲ್ಲ.

ಗೋಚುಜಾಂಗ್ (ಕೊರಿಯದ ಹುದುಗಿಸಿದ ಮೆಣಸಿನಕಾಯಿ ಪೇಸ್ಟ್) ಇರುವ ಖಾರದ ಬಾಟಲಿ ಹಂದಿಮಾಂಸಕ್ಕೆ ಬಲು ಸೊಗಸು. ಅದು ಮಂದ, ಬೇಗ ಸೀಯುತ್ತದೆ, ಉರಿ ಮಧ್ಯಮವಿರಲಿ. ತೋಫುವನ್ನು ನೆನೆಸುವ ಅಗತ್ಯವಿಲ್ಲ. ನೀರು ಹಿಂಡಿ, ಹೊಂಬಣ್ಣಕ್ಕೆ ಹುರಿದು, ಕೊನೆಯ ನಿಮಿಷದಲ್ಲಿ ಸಾಸ್ ಸವರಿ.

ಸೋಸಿದ ರಸವನ್ನು ಬಳಸುವುದಾದರೆ ಚೆನ್ನಾಗಿ ಕುದಿಸಲೇಬೇಕು, ಹಸಿಮಾಂಸ ಮುಟ್ಟಿದ್ದು ಅದು. ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ. ಸೋಯಾ, ಎಳ್ಳು ಇದ್ದೇ ಇರುತ್ತವೆ, ಸಾಮಾನ್ಯವಾಗಿ ಗೋಧಿಯೂ ಇರುತ್ತದೆ. ಅಲರ್ಜಿ ಇರುವವರಿಗೆ ಬಡಿಸುವ ಮುನ್ನ ಲೇಬಲ್ ಓದಿ.